ಕಾರಿನ ಬಾಯಿ ಮುಚ್ಚಿಸಿದ ಪ್ರಸಂಗ

ಮನುಷ್ಯನ ಮೈಯನ್ನು ಕೊಯ್ದು, ಒಳಗಿನ ಕೆಟ್ಟದ್ದನ್ನು ತೆಗೆದು, ಮತ್ತೆ ಹೊಲಿದು ಕಳಿಸುವವನಿಗೆ ಒಂದು ಕಬ್ಬಿಣದ ಕೊಳವೆ ಜೋಡಿಸುವುದು ಯಾವ ಮಹಾ ಕೆಲಸ? ಹೀಗೆಂದು ನಾನು ನನ್ನ ಹೆಂಡತಿ ಜಯಳನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆಯೆತ್ತದೆ, "ನೀವು ಮೈ ಕೊಯ್ದದ್ದು ಯಾವಾಗ?" ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ನಾನು ಬೇಲೂರಿನಲ್ಲಿ ಹದಿನಾಲ್ಕು ವರ್ಷದಿಂದ ಡಾಕ್ಟರಾಗಿದ್ದರೂ ಅಲ್ಲಿಯವರೆಗೆ ಕೊಯ್ದದ್ದೆಲ್ಲ ಕುರುಗಳು. ಅದಕ್ಕಿಂತ ದೊಡ್ಡದನ್ನು ಹಾಸನಕ್ಕೆ ಕಳಿಸುತ್ತಿದ್ದೆ. ಆದರೆ ತತ್ವ ಒಂದೇ ಅಲ್ಲವೇ!

ಅಂಗಡಿಗಳಲ್ಲಿ ಸೇರು ಹೋಗಿ ಕಿಲೋ ಬರುತ್ತಿದ್ದ ಕಾಲ ಅದು. ಊರಿನ ಕಾರುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಅವುಗಳಲ್ಲಿ ಹಿರಿಯದು ನನ್ನದು. ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಇಂಗ್ಲೆಂಡಿನಲ್ಲಿ ಹುಟ್ಟಿ, ಮೂವರು ಯಜಮಾನರನ್ನು ಕಂಡು, ನಾಲ್ಕನೆಯವನಾದ ನನ್ನ ಪಾಲಿಗೆ ಬಂದಿತ್ತು. ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಿದರೆ, ಮನಸ್ಸು ಬಂದರೆ, ಸ್ಟಾರ್ಟ್ ಆಗುತ್ತಿತ್ತು. ಮನಸ್ಸು ಒಂದು ದಿನ ಒಂಬತ್ತಕ್ಕೆ ಬರುತ್ತಿತ್ತು, ಒಂದು ದಿನ ಹನ್ನೊಂದಕ್ಕೆ.

ಈ ಕಾರಿಗೆ ಸೈಲೆನ್ಸರ್ ಇರಲಿಲ್ಲ. ಎಂಜಿನ್ನಿನ ಹೊಗೆ ಹೊರಗೆ ಹೋಗುವ ಕೊಳವೆಯ ನಡುವೆ, ಸದ್ದನ್ನು ನುಂಗಲೆಂದು ಇರುವ ಡಬ್ಬಿಯೇ ಸೈಲೆನ್ಸರ್. ಎರಡು ವರ್ಷದ ಹಿಂದೆ, ಮಾದಿಹಳ್ಳಿ ದಾಟಿದ ಮೇಲೆ ಬರುವ ದಿಣ್ಣೆಯಲ್ಲಿ ಅದು ಕೊಳವೆ ಸಮೇತ ಕಳಚಿ ಬಿದ್ದಿತ್ತು. ಹೋಗಿ ಹುಡುಕುವಷ್ಟರಲ್ಲಿ ಯಾರೋ ಎತ್ತಿಕೊಂಡು ಹೋಗಿದ್ದರು. ಯಾರದೋ ಬಚ್ಚಲಿನ ಹಂಡೆ ಒಲೆಗೆ ಅದು ಬಹಳ ಚೆನ್ನಾಗಿ ಹೊಂದಿಕೊಂಡಿತೆಂದು ಆಮೇಲೆ ಕೇಳಿದೆ.

ಅಂದಿನಿಂದ ನನ್ನ ಕಾರು ಮಾಡುತ್ತಿದ್ದ ಸದ್ದನ್ನು ಹೇಗೆ ವರ್ಣಿಸಲಿ? ಬೆಳಿಗ್ಗೆ ಅದು ಬಾಯಿ ತೆರೆದರೆ ಗೋಪುರದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರುತ್ತಿದ್ದವು. ಪಕ್ಕದ ಮನೆಯ ಶೇಷಾಚಾರ್ ದೇವಸ್ಥಾನದ ಪಾರಾಯಣದವರು. ಅವರು ಒಂದು ದಿನ ಗೋಡೆಯಾಚೆಯಿಂದ ಬಹಳ ವಿನಯವಾಗಿ ಹೇಳಿದರು:

"ಡಾಕ್ಟ್ರೇ, ನಿಮ್ಮ ಕಾರು ಹೊರಟರೆ ನನಗೆ ಬಾಯಿಪಾಠ ಬಂದದ್ದೂ ಮರೆತುಹೋಗತ್ತೆ. ಇವತ್ತು ಒಂದೇ ಶ್ಲೋಕ ಮೂರು ಸಲ ಹೇಳಿದೆ. ದೇವರಿಗೂ ಬೇಜಾರಾಗಿರಬೇಕು."

ಈ ಮಾತು ನನಗೆ ನಾಟಿತು. ಊರಿನ ಗೌರವಸ್ಥ ಡಾಕ್ಟರು ಅಕ್ಕಿ ಗಿರಣಿಯಂತೆ ಸದ್ದು ಮಾಡುತ್ತ ತಿರುಗುವುದು ಸರಿಯೇ? ಹೊಸ ಸೈಲೆನ್ಸರ್ ತರಿಸುವುದೆಂದು ಆ ಕ್ಷಣವೇ ತೀರ್ಮಾನಿಸಿದೆ. ಅದನ್ನು ಸ್ವತಃ ನಾನೇ ಜೋಡಿಸುವುದೆಂದೂ ತೀರ್ಮಾನಿಸಿದೆ.

ಇಲ್ಲಿ ಗಂಗಮ್ಮನ ವಿಷಯ ಹೇಳಬೇಕು. ನಾನು ಮಂಗಳವಾರ ಮತ್ತು ಶನಿವಾರ ಹಳೇಬೀಡಿಗೆ ಹೋಗಿ, ಬಸ್ತಿಹಳ್ಳಿಯ ಒಂದು ಮನೆಯ ಜಗಲಿಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದೆ. ದಾರಿಯಲ್ಲಿ, ಮಾದಿಹಳ್ಳಿಯ ದಿಣ್ಣೆ ದಾಟಿ ಒಂದೂವರೆ ಮೈಲಿ ಹೋದರೆ ರಸ್ತೆಯ ಪಕ್ಕಕ್ಕೆ ಒಂದು ಹುಣಸೆ ಮರ, ಅದರ ಹಿಂದೆ ನೀರಿನ ಹೊಂಡ. ಅಲ್ಲಿಂದ ತೆಂಗಿನ ತೋಟದ ನಡುವೆ ಒಂದು ಓಣಿ ಒಳಗಿನ ಹಳ್ಳಿಗೆ ಹೋಗುತ್ತದೆ. ಹಳ್ಳಿ ರಸ್ತೆಗೆ ಕಾಣುವುದಿಲ್ಲ. ಅಲ್ಲಿಯ ತಿಮ್ಮೇಗೌಡ ಎಂಬ ರೈತನ ಹೆಂಡತಿ ಗಂಗಮ್ಮ. ಇಪ್ಪತ್ತೆರಡು ವರ್ಷದ ಹುಡುಗಿ. ಅವಳಿಗೆ ಕ್ಷಯ.

ತಿಮ್ಮೇಗೌಡ ನನ್ನ ಕೈ ಹಿಡಿದುಕೊಂಡು ಕೇಳಿದ್ದ. "ಊರಿಗೆ ಗೊತ್ತಾಗಬಾರ್ದು ಸ್ವಾಮಿ. ನಮ್ಮ ತಂಗಿ ಮದುವೆಗೆ ಅವ್ಳೆ. ಕ್ಷಯದ ಮನೆ ಅಂತ ಗೊತ್ತಾದ್ರೆ ಯಾರ್ ಬತ್ತಾರೆ? ನೀವು ಮನೆ ತಾವ ಬರಬ್ಯಾಡಿ. ಇವಳೇ ನೀರಿಗೆ ಬಂದಂಗೆ ಮರದ ತಾವ ಬತ್ತಾಳೆ."

ನಾನು ಒಪ್ಪಿದೆ. ಹಾಗೆ ಆರು ತಿಂಗಳಿಂದ ವಾರಕ್ಕೆ ಎರಡು ಸೂಜಿ ನಡೆದಿತ್ತು. ಜೊತೆಗೆ ಮಾತ್ರೆ. ಒಂದು ಸೂಜಿಯೂ ತಪ್ಪಬಾರದೆಂದು ನಾನು ಕಣ್ಣು ಬಿಟ್ಟು ಹೆದರಿಸಿ ಹೇಳಿದ್ದೆ. ನಡುವೆ ಬಿಟ್ಟರೆ ರೋಗ ತಿರುಗಿ ಬೀಳುತ್ತದೆ, ಆಮೇಲೆ ಅದೇ ಔಷಧಕ್ಕೆ ಬಗ್ಗದೆಯೂ ಹೋಗಬಹುದು. ಅವಳ ಎರಡು ವರ್ಷದ ಮಗಳನ್ನು ಸೋಂಕು ತಗಲದಿರಲೆಂದು ಜಾವಗಲ್ಲಿನಲ್ಲಿದ್ದ ಗಂಗಮ್ಮನ ತಾಯಿಯ ಮನೆಗೆ ಕಳಿಸಿಟ್ಟಿದ್ದರು. ವಾಸಿಯಾದ ಮೇಲೆ ಮಗು ವಾಪಸ್ಸು ಬರಬೇಕು. ಪ್ರತಿ ಸಲ ತೋಳು ನೀಡುವಾಗಲೂ ಗಂಗಮ್ಮ ಕೇಳುತ್ತಿದ್ದುದು ಒಂದೇ ಮಾತು, "ಇನ್ನೆಷ್ಟು ಸ್ವಾಮಿ?"

ನಾನು ಎಷ್ಟು ಹೊತ್ತಿಗೆ ಹೋದರೂ ಅವಳು ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ಮರದ ಕೆಳಗೆ ನಿಂತಿರುತ್ತಿದ್ದಳು. ಒಂಬತ್ತಕ್ಕೆ ಹೋದರೂ ಇದ್ದಳು, ಹನ್ನೆರಡಕ್ಕೆ ಹೋದರೂ ಇದ್ದಳು. ಆ ಮನೆಯಲ್ಲಿ ಗಡಿಯಾರವಿರಲಿಲ್ಲ. ಅವಳಿಗೆ ಹೇಗೆ ತಿಳಿಯುತ್ತದೆಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಡಾಕ್ಟರು ಹೇಳಿದರೆ ರೋಗಿ ಬರಬೇಕು. ಬಂದಳು. ಇದರಲ್ಲಿ ಯೋಚಿಸುವುದೇನು!

ಈಗ ಸೈಲೆನ್ಸರಿಗೆ ಬರೋಣ. ಬೆಂಗಳೂರಿನ ಅಂಗಡಿಗೆ ಕಾಗದ ಬರೆಯಬೇಕಾದರೆ ಅಳತೆ ಬೇಕಲ್ಲ. ದವಾಖಾನೆಯ ಟೇಪು ಬಸುರಿಯರ ಹೊಟ್ಟೆ ಅಳೆಯುವುದಕ್ಕೆ ಮಾತ್ರ ಸಾಲುತ್ತಿತ್ತು. ಆದ್ದರಿಂದ ಹೂವಿನವಳಂತೆ ಮೊಳ ಹಾಕಿದೆ. ಕಾರಿನ ಕೆಳಗೆ ಅಂಗಾತ ಮಲಗಿ ಮೊಳ ಹಾಕುವುದು ಸುಲಭವಲ್ಲ. ಎಂಜಿನ್ನಿನಿಂದ ಬಾಲದವರೆಗೆ ಆರೂವರೆ ಮೊಳ ಬಂತು. ಮೊಳಕ್ಕೆ ಒಂದೂವರೆ ಅಡಿ ಹಿಡಿದು, ಎಲ್ಲಿಯಾದರೂ ಕಡಿಮೆಯಾದೀತೆಂದು ಎರಡು ಅಡಿ ಸೇರಿಸಿ ಬರೆದೆ. ಕೊಳವೆಯ ದಪ್ಪವನ್ನು ಹೇಗೆ ಬರೆಯುವುದೆಂದು ತೋಚಲಿಲ್ಲ. "ಮಧ್ಯಮ ಗಾತ್ರದ ಪುರುಷನ ಮಣಿಕಟ್ಟಿನಷ್ಟು" ಎಂದು ವೈದ್ಯಕೀಯವಾಗಿ ನಮೂದಿಸಿದೆ.

ಮೂರು ವಾರದ ಮೇಲೆ ಅರಸೀಕೆರೆ ಸ್ಟೇಷನ್ನಿಗೆ ಪಾರ್ಸೆಲ್ ಬಂತೆಂದು ಕಾಗದ ಬಂತು. ಗುಡುಗುತ್ತ ಅರಸೀಕೆರೆಗೆ ಹೋದೆ. ಕೊಬ್ಬರಿ ಮೂಟೆಗಳ ಹಿಂದಿನಿಂದ ಇಬ್ಬರು ಹಮಾಲರು ನನ್ನ ಸೈಲೆನ್ಸರನ್ನು ಹೊತ್ತು ತಂದರು. ಇಬ್ಬರು! ಪಾರ್ಸೆಲ್ ಗುಮಾಸ್ತರು ಕನ್ನಡಕ ಏರಿಸಿ ನೋಡಿ, "ಇದು ಕಾರಿಗೋ, ರೈಲಿಗೋ ಸ್ವಾಮಿ?" ಎಂದು ಕೇಳಿದರು.

ಬಂದದ್ದು ಲಾರಿಯದು. ಬೆಂಗಳೂರಿನ ಮಧ್ಯಮ ಗಾತ್ರದ ಪುರುಷರ ಮಣಿಕಟ್ಟು ನನ್ನ ತೊಡೆಯಷ್ಟಿತ್ತು. ವಾಪಸ್ಸು ಕಳಿಸಬಹುದಾಗಿತ್ತು. ಆದರೆ ಆ ಗುಮಾಸ್ತರ ಮುಂದೆ ತಪ್ಪಾಯಿತೆಂದು ಒಪ್ಪಿಕೊಳ್ಳುವುದೇ? "ನನಗೆ ಬೇಕಾಗಿದ್ದುದು ಇದೇ" ಎಂದು ಗಂಭೀರವಾಗಿ ರುಜು ಹಾಕಿದೆ. ಕಾರಿನ ಒಂದು ಕಿಟಕಿಯಿಂದ ತೂರಿಸಿ ಇನ್ನೊಂದರಿಂದ ಹೊರತೆಗೆದು, ಎರಡೂ ಕಡೆ ಚಾಚಿಕೊಂಡ ಕೊಳವೆಯ ಜೊತೆ ಬೇಲೂರಿನವರೆಗೆ ಬಂದೆ. ಎದುರಿಗೆ ಬಂದ ಎತ್ತಿನ ಗಾಡಿಗಳೆಲ್ಲ ರಸ್ತೆ ಬಿಟ್ಟು ಹೊಲಕ್ಕೆ ಇಳಿದವು.

ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಆರಂಭವಾಯಿತು. ಮೊದಲು ಕಾರನ್ನು ಎತ್ತಿ ನಿಲ್ಲಿಸಬೇಕು. ಹಿತ್ತಲಿನಲ್ಲಿ ಬಟ್ಟೆ ಒಗೆಯಲು ಹಾಕಿದ್ದ ಚಪ್ಪಡಿಯನ್ನು ಕಿತ್ತು, ಮಗುಚಿ, ಚಕ್ರದ ಕೆಳಗೆ ಇಟ್ಟೆ. ಗೋಡೆಯಾಚೆಯಿಂದ ಶೇಷಾಚಾರ್ ಕೂಗಿಕೊಂಡರು.

"ಅಯ್ಯೋ ಡಾಕ್ಟ್ರೇ! ಅದರ ಮೇಲೆ ಆನೆಗಳಿವೆ ಕಣ್ರೀ! ಹೊಯ್ಸಳರ ಕಲ್ಲು!"

ನೋಡಿದರೆ ನಿಜ. ಇಷ್ಟು ವರ್ಷ ಮಣ್ಣಿಗೆ ಮುಖ ಮಾಡಿ ಮಲಗಿದ್ದ ನಾಲ್ಕು ಆನೆಗಳು ಸಾಲಾಗಿ ನಿಂತಿದ್ದವು. ನಮ್ಮ ಕಡೆ ಇದು ಅಪರೂಪವಲ್ಲ. ನಾನು ಹೇಳಿದೆ, "ಆಚಾರ್ರೇ, ಈ ಆನೆಗಳಿಗೆ ಭಾರ ಹೊರುವುದು ಹೊಸದಲ್ಲ. ಎಂಟುನೂರು ವರ್ಷದಿಂದ ದೇವಸ್ಥಾನವನ್ನೇ ಹೊತ್ತಿವೆಯಲ್ಲ!"

"ದೇವಸ್ಥಾನದಲ್ಲಿ ದೇವರಿದಾನೆ. ನಿಮ್ಮ ಕಾರಿನಲ್ಲಿ ಯಾರಿದಾರೆ?"

ಆನೆಗಳನ್ನು ಶೇಷಾಚಾರ್ ತಮ್ಮ ತುಳಸಿಕಟ್ಟೆಯ ಪಕ್ಕಕ್ಕೆ ಸಾಗಿಸಿದರು. ನಾನು ಒಳಗಿನಿಂದ ಒರಳುಕಲ್ಲು ಉರುಳಿಸಿಕೊಂಡು ಬಂದೆ. ಅಂದು ನಮ್ಮ ಮನೆಯಲ್ಲಿ ಚಟ್ನಿ ಇರಲಿಲ್ಲ. ಮಾತೂ ಇರಲಿಲ್ಲ.

ಕೊಳವೆಯ ಹೆಚ್ಚಿನ ಉದ್ದವನ್ನು ಕಮ್ಮಾರ ಮರಿಯಾಚಾರಿ ಕತ್ತರಿಸಿಕೊಟ್ಟ. ಆದರೆ ದಪ್ಪ? ಎಂಜಿನ್ನಿನ ಬಾಯಿ ಚಿಕ್ಕದು, ಕೊಳವೆಯ ಬಾಯಿ ದೊಡ್ಡದು. ನಡುವೆ ನನ್ನ ನಾಲ್ಕು ಬೆರಳು ಹೋಗುವಷ್ಟು ಸಂದು. ಅದರಿಂದ ಸದ್ದೆಲ್ಲ ಹೊರಗೆ ನುಗ್ಗುತ್ತದೆ. ಮರಿಯಾಚಾರಿ ತಲೆ ಕೆರೆದುಕೊಂಡು, "ಇದು ಆಗಾಕಿಲ್ಲ ಸ್ವಾಮಿ" ಎಂದ.

ಆಗ ನನ್ನೊಳಗಿನ ವೈದ್ಯ ಎದ್ದು ಕೂತ. ಮುರಿದ ಮೂಳೆಯ ಎರಡು ತುದಿ ಸೇರದಿದ್ದರೆ ಏನು ಮಾಡುತ್ತೇವೆ? ಪ್ಲಾಸ್ಟರ್ ಹಾಕುತ್ತೇವೆ! ದವಾಖಾನೆಯಿಂದ ಬ್ಯಾಂಡೇಜು, ಹತ್ತಿ, ಪ್ಲಾಸ್ಟರ್ ಪುಡಿ ತರಿಸಿದೆ. ಸಂದಿಗೆ ಹತ್ತಿ ತುಂಬಿದೆ. ಮೇಲೆ ಬ್ಯಾಂಡೇಜು ಸುತ್ತಿದೆ. ಅದರ ಮೇಲೆ ಪ್ಲಾಸ್ಟರು, ಮೂರು ಪದರ. ಅಷ್ಟು ಅಂದವಾದ ಪ್ಲಾಸ್ಟರನ್ನು ನಾನು ಯಾವ ಮನುಷ್ಯನ ಕಾಲಿಗೂ ಹಾಕಿರಲಿಲ್ಲ. ಅಭ್ಯಾಸಬಲದಿಂದ ಅದರ ಮೇಲೆ ಪೆನ್ಸಿಲಿನಲ್ಲಿ ತಾರೀಖು ಕೂಡ ಬರೆದೆ.

ಒಣಗಿದ ಮೇಲೆ ಕಾರು ಸ್ಟಾರ್ಟ್ ಮಾಡಿದೆ. ಐದು ನಿಮಿಷ ಪರಮ ಶಾಂತಿ. ಆರನೆಯ ನಿಮಿಷಕ್ಕೆ ಹತ್ತಿ ಹೊತ್ತಿಕೊಂಡಿತು. ಸುಟ್ಟ ಬ್ಯಾಂಡೇಜಿನ ಹೊಗೆ ಬೀದಿಯುದ್ದಕ್ಕೂ ಹರಡಿ, ಡಾಕ್ಟರ ಮನೆಯಲ್ಲಿ ಯಾರಿಗೋ ಏನೋ ಆಯಿತೆಂದು ಎದುರುಮನೆಯವರು ನಮ್ಮ ತಲೆಬಾಗಿಲಿಗೆ ಬಂದು ಕೈಕಟ್ಟಿ ನಿಂತರು. ಜಯ ಎರಡು ಬಿಂದಿಗೆ ನೀರು ಸುರಿದಳು. ಒಂದು ಕಾರಿನ ಮೇಲೆ ಬಿತ್ತು.

ಕೊನೆಗೆ ಮರಿಯಾಚಾರಿಗೆ ರೋಷ ಬಂತು. ಅವನು ದಪ್ಪ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ನನ್ನ ಪ್ಲಾಸ್ಟರಿನ ಮೇಲೆಯೇ ಉಂಗುರದಂತೆ ಬಿಗಿದು, ಎರಡೂ ಕಡೆ ರಿವೆಟ್ಟು ಮೊಳೆ ಹೊಡೆದ. ಬೆವರು ಒರೆಸಿಕೊಂಡು, "ಸ್ವಾಮಿ, ಇನ್ನು ಕಾರು ಹೋದ್ರೂ ಇದು ಹೋಗಾಕಿಲ್ಲ" ಎಂದ.

ಹ್ಯಾಂಡಲ್ ತಿರುಗಿಸಿದೆ. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದೆ. ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಉಳುಕಿತು. ಕಾರು ಮೊದಲನೆಯ ಸಲವೇ ಸ್ಟಾರ್ಟ್ ಆಗಿತ್ತು! ಅಷ್ಟು ನಿಶ್ಶಬ್ದ! ಶೇಷಾಚಾರ್ ಗೋಡೆಯಾಚೆಯಿಂದ ಕೈಮುಗಿದರು. ಪಾರಿವಾಳಗಳು ಕದಲಲಿಲ್ಲ. ನಾನು ಉಳುಕಿದ ಕೈಯನ್ನು ಹಿಂದೆ ಇಟ್ಟುಕೊಂಡು ಎಲ್ಲರ ಮೆಚ್ಚುಗೆಯನ್ನೂ ಸ್ವೀಕರಿಸಿದೆ.

ಮಂಗಳವಾರ ಹಳೇಬೀಡಿಗೆ ಹೊರಟೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಆ ರಸ್ತೆಯ ಹಕ್ಕಿಗಳ ದನಿ ಕೇಳಿದೆ. ಮಾದಿಹಳ್ಳಿಯ ಹತ್ತಿರ ಗಾಡಿಯ ಮೇಲೆ ನಿದ್ದೆ ಹೋಗಿದ್ದ ಒಬ್ಬ ಗೌಡ, ನಾನು ಪಕ್ಕಕ್ಕೆ ಬಂದಾಗ ಬೆಚ್ಚಿ ಎದ್ದು, "ಇದೇನ್ ಸ್ವಾಮಿ, ಕಳ್ಳನಂಗೆ ಬತ್ತೀರಿ!" ಎಂದು ಬೈದ. ನಾನು ಅದನ್ನು ಹೊಗಳಿಕೆಯೆಂದು ತಿಳಿದೆ.

ಹುಣಸೆ ಮರದ ಕೆಳಗೆ ಗಂಗಮ್ಮ ಇರಲಿಲ್ಲ. ಹತ್ತು ನಿಮಿಷ ಕಾದೆ. ಬರಲಿಲ್ಲ. ಶನಿವಾರವೂ ಇರಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಮನೆಗೆ ಹೋಗುವುದಿಲ್ಲವೆಂದು ಮಾತು ಕೊಟ್ಟಿದ್ದೆ. ನನಗೆ ಕೋಪ ಬಂತು. ಕೆಮ್ಮು ಸ್ವಲ್ಪ ನಿಂತರೆ ಸಾಕು, ಈ ಜನ ಔಷಧ ಬಿಟ್ಟುಬಿಡುತ್ತಾರೆ! ಮನೆಗೆ ಬಂದು ಜಯಳ ಮುಂದೆ ರೋಗಿಗಳ ಅಜ್ಞಾನದ ವಿಷಯ ಅರ್ಧ ಗಂಟೆ ಭಾಷಣ ಮಾಡಿದೆ. ಬಸ್ತಿಹಳ್ಳಿಯ ಜಗಲಿಯಲ್ಲೂ ಜನ ಕಡಿಮೆಯಾಗಿದ್ದರು. ಅದಕ್ಕೆ ಕಾರಣ ಕೂಡಲೇ ಹೊಳೆಯಿತು. ನನ್ನ ಚಿಕಿತ್ಸೆಯಿಂದ ಸೀಮೆಯ ಆರೋಗ್ಯವೇ ಸುಧಾರಿಸಿತ್ತು!

"ಇರಬಹುದು" ಎಂದಳು ಜಯ. ಅವಳ ಇರಬಹುದು ಎಂಬುದಕ್ಕೆ ಇಲ್ಲ ಎಂದು ಅರ್ಥ.

ಹೀಗೆ ಮೂರು ವಾರ ಕಳೆಯಿತು. ಆರು ಸೂಜಿ ತಪ್ಪಿತು. ಮೂರನೆಯ ವಾರದ ಭಾನುವಾರ ತಿಮ್ಮೇಗೌಡ ಬೇಲೂರಿಗೆ ಬಂದು ದವಾಖಾನೆಯ ಬಾಗಿಲಲ್ಲಿ ನಿಂತ. ಅವನನ್ನು ಕಂಡದ್ದೇ ನಾನು ಶುರು ಮಾಡಿದೆ. ಸೂಜಿ ತಪ್ಪಿಸಿದರೆ ಏನಾಗುತ್ತದೆಂದು ಹೇಳಿರಲಿಲ್ಲವೇ? ಹುಡುಗಾಟವೇ? ಆ ಮಗುವಿನ ಮುಖವನ್ನಾದರೂ ನೋಡಬೇಡವೇ? ಅವನು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು, ನಾನು ಮುಗಿಸುವವರೆಗೂ ನೆಲ ನೋಡುತ್ತ ನಿಂತಿದ್ದ. ಆಮೇಲೆ ಮೆಲ್ಲಗೆ ಹೇಳಿದ:

"ನೀವು ಬರೋದ ಬುಟ್ಬುಟ್ರಲ್ಲ ಸ್ವಾಮಿ."

"ನಾನೆಲ್ಲಿ ಬಿಟ್ಟೆ? ವಾರಕ್ಕೆರಡು ಸಲ ಮರದ ಕೆಳಗೆ ನಿಂತು ಹೋಗಿದ್ದೇನೆ!"

"ಸದ್ದೇ ಬರ್ಲಿಲ್ಲ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. "ನಿಮ್ಮ ಕಾರು ಮಾದಳ್ಳಿ ದಿಣ್ಣೆ ಹತ್ತೋವಾಗ ನಮ್ಮ ಹಟ್ಟಿಗೆ ಕೇಳ್ತದೆ. ಆಗ ಇವ್ಳು ಬಿಂದಿಗೆ ತಕ್ಕೊಂಡು ಹೊಂಟ್ರೆ, ನೀವು ಬರೋ ಹೊತ್ಗೆ ಮರದ ತಾವ ಇರ್ತಾಳೆ. ಒಂದು ಗಳಿಗೆ ನಿಂತ್ರೆ ನೀರಿಗೆ ಬಂದವ್ಳೆ ಅಂತಾರೆ ಸ್ವಾಮಿ. ಬೆಳಗಿಂದ ಮದ್ಯಾನದ ಗಂಟ ನಿಂತ್ರೆ ಏನಂತಾರೆ? ಮಂಗ್ಳಾರ ಶನಿವಾರ ಕಿವಿ ಕೊಟ್ಕೊಂಡು ಕುಂತವ್ಳೆ. ಸದ್ದಿಲ್ಲ. ಡಾಕ್ಟ್ರು ನನ್ನ ಕೈಬುಟ್ರು, ಇನ್ನು ಉಳಿಯಾಕಿಲ್ಲ ಅಂತ ಗೊತ್ತಾಗಿ ಬರೋದು ನಿಲ್ಸವ್ರೆ ಅಂದ್ಳು. ಮೊನ್ನೆ ಹೇಳವ್ಳೆ, ಮಗು ಜಾವಗಲ್ಲಾಗೇ ಇರ್ಲಿ, ನನ್ನ ಮರ್ತು ನಮ್ಮಮ್ಮನಿಗೇ ಹೊಂದ್ಕಳ್ಳಿ ಅಂತ. ಕೆಮ್ಮು ತಿರ್ಗಾ ಬಂದೈತೆ."

ನಾನು ಕುರ್ಚಿಯಲ್ಲಿ ಕೂತೆ. ಆಡಿದ ಭಾಷಣವೆಲ್ಲ ಕೋಣೆಯಲ್ಲೇ ತುಂಬಿಕೊಂಡಿದ್ದಂತಿತ್ತು. ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ನಾನು ಕಾರಿಗೆ ಸೈಲೆನ್ಸರ್ ಹಾಕಿಸಿದೆ."

"ಅದ್ಯಾಕೆ ಸ್ವಾಮಿ?" ಎಂದ ತಿಮ್ಮೇಗೌಡ. ಅವನು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದ.

ಮಂಗಳವಾರ ಸದ್ದು ಕೇಳಿದ ಕೂಡಲೇ ಬರಲು ಹೇಳೆಂದು ಅವನನ್ನು ಕಳಿಸಿ, ಸೈಲೆನ್ಸರ್ ಕಳಚಲು ಹೋದೆ. ನನ್ನ ಜೀವಮಾನದಲ್ಲಿ ಗಟ್ಟಿಯಾಗಿ ನಿಂತ ಕೆಲಸವೆಂದರೆ ಅದೊಂದೇ! ಅರ್ಧ ದಿನ ಒದ್ದಾಡಿದರೂ ಕದಲಲಿಲ್ಲ. ಮರಿಯಾಚಾರಿ ನೆಂಟರ ಮದುವೆಗೆಂದು ಅರಸೀಕೆರೆಗೆ ಹೋಗಿದ್ದ, ಶುಕ್ರವಾರಕ್ಕೆ ಮುಂಚೆ ಬರುವಂತಿರಲಿಲ್ಲ. ಮಂಗಳವಾರದ ಸೂಜಿ ತಪ್ಪಬಾರದು. ಜಯಳಿಗೆ ರೋಗಿಯ ಹೆಸರು ಹೇಳದೆ ಸಂಕಟ ಹೇಳಿಕೊಂಡೆ. ಅವಳು ಸರಳವಾಗಿ, "ಹಾರನ್ ಇಲ್ಲವೇ?" ಎಂದಳು.

ಇಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ. ಮಂಗಳವಾರ ದಿಣ್ಣೆಯ ಬುಡದಿಂದಲೇ ರಬ್ಬರ್ ಹಾರನ್ ಒತ್ತುತ್ತ ಹೋದೆ. ಪೋಂ, ಪೋಂ! ಉಳುಕಿದ ಕೈ ಸೋತರೆ ಇನ್ನೊಂದು ಕೈ. ಮರದ ಹತ್ತಿರ ಬಂದಾಗ ಓಣಿಯಿಂದ ಇಡೀ ಊರೇ ಹೊರಗೆ ಬರುತ್ತಿತ್ತು. ಸಿಡುಬಿನ ಲಸಿಕೆ ಹಾಕುವ ಸರ್ಕಾರಿ ಜೀಪು ಬಂತೆಂದು ಅವರು ತಿಳಿದಿದ್ದರಂತೆ. ಅರ್ಧ ಜನ ಮಕ್ಕಳನ್ನು ಎತ್ತಿಕೊಂಡು ನನ್ನ ಕಡೆ, ಇನ್ನರ್ಧ ಜನ ಮಕ್ಕಳನ್ನು ಎತ್ತಿಕೊಂಡು ಗದ್ದೆಯ ಕಡೆ ಓಡುತ್ತಿದ್ದರು. ಬಂದವನು ಬರಿಯ ಡಾಕ್ಟರೆಂದು ತಿಳಿದು ಸಮಾಧಾನವಾಗಿ, ಹೇಗೂ ಬಂದದ್ದಾಯಿತು, ತೋರಿಸಿಕೊಳ್ಳೋಣವೆಂದು ಒಬ್ಬೊಬ್ಬರೇ ನಾಲಿಗೆ ಚಾಚಿದರು.

ಆ ಜನದ ತಲೆಗಳ ಮೇಲಿಂದ ನೋಡಿದೆ. ಓಣಿಯ ತಿರುವಿನಲ್ಲಿ ಗಂಗಮ್ಮ ಬಿಂದಿಗೆ ಹಿಡಿದು ನಿಂತಿದ್ದಳು. ಬಹಳ ಇಳಿದುಹೋಗಿದ್ದಳು. ನನ್ನನ್ನು ನೋಡಿದಳು. ಜನರನ್ನು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮು ನುಂಗಿ, ಹಿಂದಕ್ಕೆ ತಿರುಗಿ ನಡೆದಳು. ನಾನು ಯಾರದೋ ನಾಲಿಗೆ ನೋಡುತ್ತ ಕೂತಿದ್ದೆ. ಕೂಗುವಂತೆಯೂ ಇರಲಿಲ್ಲ, ಹಿಂದೆ ಹೋಗುವಂತೆಯೂ ಇರಲಿಲ್ಲ. ಏಳನೆಯ ಸೂಜಿಯೂ ತಪ್ಪಿತು.

ಶುಕ್ರವಾರ ಮರಿಯಾಚಾರಿ ಬರಲಿಲ್ಲ. ಶನಿವಾರ ಬೆಳಕು ಹರಿಯುತ್ತಲೇ ಉಳಿ, ಸುತ್ತಿಗೆ ಹಿಡಿದು ನಾನೇ ಕಾರಿನ ಕೆಳಗೆ ನುಗ್ಗಿದೆ. ಮೂರು ಏಟಿಗೆ ಎರಡು ನನ್ನ ಹೆಬ್ಬೆರಳಿಗೆ ಬಿದ್ದವು. ಸದ್ದು ಕೇಳಿ ಶೇಷಾಚಾರ್ ಬಂದು ಬಗ್ಗಿ ನೋಡಿದರು.

"ಡಾಕ್ಟ್ರೇ, ಏನಿದು? ಚೆನ್ನಾಗಿದ್ದದ್ದನ್ನ ಯಾಕೆ ಒಡೀತಿದೀರಿ?"

"ಒಬ್ಬ ರೋಗಿಗೆ ಈ ಸದ್ದು ಬೇಕು ಆಚಾರ್ರೇ. ಸದ್ದು ಕೇಳದಿದ್ದರೆ ಸೂಜಿ ಸಿಕ್ಕುವುದಿಲ್ಲ. ಯಾರು ಅಂತ ಕೇಳಬೇಡಿ."

ಅವರು ಕೇಳಲಿಲ್ಲ. ಉತ್ತರೀಯವನ್ನು ಸೊಂಟಕ್ಕೆ ಬಿಗಿದು, "ಈಚೆ ಬನ್ನಿ. ನಿಮಗೆ ಸುತ್ತಿಗೆ ಹಿಡಿಯೋಕೆ ಬರಲ್ಲ" ಎಂದು ಮಡಿ ಪಂಚೆಯಲ್ಲೇ ಕಾರಿನ ಕೆಳಗೆ ಮಲಗಿದರು. ಅವರ ಕೈಯಲ್ಲಿ ಅಷ್ಟು ಬಲವಿತ್ತೆಂದು ನನಗೆ ಗೊತ್ತಿರಲಿಲ್ಲ. ಉಂಗುರ ಬಿಚ್ಚಲಿಲ್ಲ. ಆದರೆ ಡಬ್ಬಿಯ ಹೊಟ್ಟೆಯಲ್ಲಿ ಅಂಗೈ ತೂರುವಂಥ ಐದು ತೂತು ಬಿದ್ದವು. ಹ್ಯಾಂಡಲ್ ತಿರುಗಿಸಿದೆ. ಕಾರು ಬಾಯಿ ತೆರೆಯಿತು. ಮೊದಲಿಗಿಂತ ಎರಡು ಪಟ್ಟು! ಪಾರಿವಾಳಗಳು ಆಕಾಶಕ್ಕೆ ಹೋದವು. ಶೇಷಾಚಾರ್ ಮೈಯೆಲ್ಲ ಮಸಿಯಾಗಿ ಎದ್ದು ನಿಂತು ಕಿವಿ ಮುಚ್ಚಿಕೊಂಡು, "ಹೋಗಿ ಬನ್ನಿ. ನಾನು ಶ್ಲೋಕ ನಾಲ್ಕನೇ ಸಲ ಹೇಳ್ಕೋತೀನಿ" ಎಂದು ಕೂಗಿದರು.

ದಿಣ್ಣೆಯ ಮೇಲೆ ಕಾರನ್ನು ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ಗುಡುಗಿಸಿದೆ. ಆಮೇಲೆ ಇಳಿದು ಬಂದು ಮರದ ಕೆಳಗೆ ನಿಂತೆ. ಯಾರೂ ಇಲ್ಲ. ಓಣಿ ಖಾಲಿ. ಅವಳು ಇನ್ನು ಬರುವುದಿಲ್ಲವೆಂದೇ ಅಂದುಕೊಂಡೆ. ಅಷ್ಟರಲ್ಲಿ ತೆಂಗಿನ ಮರಗಳ ನಡುವೆ ಬಿಂದಿಗೆ ಕಂಡಿತು. ಬೇಗ ಬರಲಾಗದೆ ನಿಂತು ನಿಂತು ಬರುತ್ತಿದ್ದಳು.

ಅವಳು ಏನೂ ಕೇಳದೆ ತೋಳು ನೀಡಿದಳು. ಸೂಜಿ ಚುಚ್ಚಿ ಆದ ಮೇಲೆ ನಾನು ಹೇಳಿದೆ, "ಗಂಗಮ್ಮ, ತಪ್ಪು ನನ್ನದು. ನಾನು ಬರುತ್ತಿದ್ದೆ. ಕಾರು ಸದ್ದು ಮಾಡುತ್ತಿರಲಿಲ್ಲ." ಹದಿನಾಲ್ಕು ವರ್ಷದಲ್ಲಿ ರೋಗಿಯೊಬ್ಬರ ಮುಂದೆ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು.

"ಹಂಗಾರೆ ನನಗೆ ವಾಸಿಯಾಗ್ತದಾ ಸ್ವಾಮಿ?"

"ಆಗುತ್ತದೆ. ಆದರೆ ಈ ತಿಂಗಳು ತಪ್ಪಿದ್ದಕ್ಕೆ ಇನ್ನೂ ನಾಲ್ಕು ತಿಂಗಳು ಹೆಚ್ಚು ಬೇಕು."

ಅವಳು ಬೆರಳು ಮಡಿಸಿ ಎಣಿಸಿದಳು. ಮಗಳಿಲ್ಲದ ನಾಲ್ಕು ತಿಂಗಳು. ನನ್ನ ಘನತೆಗಾಗಿ ಅವಳು ತೆರಬೇಕಾದದ್ದು ಅದು. ಬಿಂದಿಗೆಗೆ ನೀರು ತುಂಬಿಕೊಂಡು ಹೊರಟಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳು ತೋಟದಲ್ಲಿ ಮರೆಯಾದ ಮೇಲೆ ಹೊಂಡದ ಆಚೆಯ ಬದುವಿನ ಮರೆಯಲ್ಲಿ ಅಷ್ಟು ಹೊತ್ತೂ ಬಗ್ಗಿ ಕೂತಿದ್ದ ಒಬ್ಬ ಮುದುಕಿ ಎದ್ದು ಬಂದು ಹುಲ್ಲಿನ ಹೊರೆ ಇಳಿಸಿದಳು. ಮಂಗಳವಾರ ನಾಲಿಗೆ ಚಾಚಿದವರಲ್ಲಿ ಅವಳೂ ಒಬ್ಬಳು. ಹೆಸರು ಚಿಕ್ಕತಾಯಮ್ಮ. ಸೊಂಟಕ್ಕೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಂದ್ಯಾ ಡಾಕ್ಟ್ರಪ್ಪ? ಮೂರ್ ವಾರದಿಂದ ನಿನ್ ಸದ್ದಿಲ್ದೆ ನಮ್ಗೆ ದಿಕ್ಕೇ ತೋಚ್ದಂಗಾಗಿತ್ತು. ಈ ಓಣಿಗೆ ಯಾವಾಗ ಬರಬೌದು, ಯಾವಾಗ ಬರಬಾರ್ದು ಒಂದೂ ಗೊತ್ತಿಲ್ಲ."

"ಓಣಿಗೇನಾಯಿತು?"

"ನಿನ್ ಸದ್ದು ಕೇಳಿದ್ರೆ ನಾವ್ಯಾರೂ ಈ ಕಡೆ ಬರಾಕಿಲ್ವಲ್ಲ. ದನಾನೂ ಅಟ್ಟಾಕಿಲ್ಲ, ಮಕ್ಳನ್ನೂ ಬುಡಾಕಿಲ್ಲ. ಆ ಹುಡ್ಗಿ ಸೂಜಿ ಚುಚ್ಚುಸ್ಕಂಡು ಹಿಂದಕ್ಕೆ ಬರೋಗಂಟ ಊರೆಲ್ಲ ಒಳಗಿರ್ತದೆ. ಮೊನ್ನೆ ಪೋಂ ಪೋಂ ಅಂತ ಊದ್ಕೊಂಡು ಬಂದ್ಯಲ್ಲ, ನೀನು ಅಂತ ನಮ್ಗೇನ್ ಗೊತ್ತು? ಎಲ್ಲಾ ಬಂದ್ಬುಟ್ವಿ. ಅವಳು ಹಿಂದಕ್ಕೆ ಹೋದದ್ದ ನೋಡಿ ನನ್ ಹೊಟ್ಟೆ ಉರಿದೋಯ್ತು."

"ಹಾಗಾದರೆ... ಊರಿಗೆಲ್ಲ ಗೊತ್ತೇ?"

"ಏನು ಗೊತ್ತು? ನಮ್ಗೇನೂ ಗೊತ್ತಿಲ್ಲ," ಎಂದು ಮುದುಕಿ ಗದರಿಸಿದಳು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು. "ಗೊತ್ತೈತೆ ಅಂತ ಅವಳಿಗೆ ಗೊತ್ತಾಗಬಾರ್ದು. ನೀನು ಬಾಯಿ ಬುಟ್ಟೀಯಾ ಮತ್ತೆ!"

ಹುಲ್ಲಿನ ಹೊರೆಯನ್ನು ತಲೆಗೇರಿಸಲು ನಾನು ಕೈ ಕೊಟ್ಟೆ. ಅವಳು ಹೋದಳು. ಆ ಹುಡುಗಿಯ ಗುಟ್ಟನ್ನು ಕಾಪಾಡುತ್ತಿರುವವನು ನಾನೊಬ್ಬನೇ ಎಂದು ಏಳು ತಿಂಗಳಿಂದ ಹೆಮ್ಮೆಪಟ್ಟುಕೊಂಡಿದ್ದೆ. ಕಾಪಾಡುತ್ತಿದ್ದದ್ದು ಇಡೀ ಊರು. ಅದರಲ್ಲಿ ನನ್ನ ಪಾಲಿಗೆ ಬಂದಿದ್ದುದು ಸದ್ದು ಮಾಡುವ ಕೆಲಸವೊಂದೇ. ನಾನು ಅದನ್ನೂ ನಿಲ್ಲಿಸಿದ್ದೆ!